ಚಾಸಿಯಲ್ಲಿ ಬಿರುಕು ಕಂಡರೆ ಮೊದಲು ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮುಧೋಳದಲ್ಲಿದ್ದೀರಿ, ಬೈಕ್ ತಗೊಂಡು ಎರಡು ವರ್ಷ ತುಂಬಿಲ್ಲ, ವಾರಂಟಿ ಇನ್ನೂ ಇದೆ. ಟ್ಯಾಂಕಿನ ಕೆಳಗೆ, ಹೆಡ್ ಪೈಪಿನ (ಚಾಸಿಯ ಮುಂದೆ ಹ್ಯಾಂಡಲ್, ಫೋರ್ಕ್ ಕೂರುವ ಪೈಪ್) ಹಿಂಬದಿಯ ವೆಲ್ಡಿಂಗ್ ಅಂಚಿನಲ್ಲಿ ತುಕ್ಕಿನ ಗೆರೆ ಕಂಡಿದೆ. ಬ್ರೇಕ್ ಹಿಡಿದಾಗ ಮುಂದೆ ‘ಟಕ್’ ಅನ್ನುತ್ತದೆ. ಶೋರೂಮಿನವರು "ಪೇಂಟ್ ಸೀಳಿರಬೇಕು, ಬೇಕಾದ್ರ ಹೊರಗ ವೆಲ್ಡಿಂಗ್ ಹೊಡಿಸ್ಕೊಳ್ರಿ" ಅಂದಿದ್ದಾರೆ. ದಿನಾ ಹಾಲಿನ ಕ್ಯಾನ್ ಕಟ್ಟುತ್ತೀರಿ, ಅದಕ್ಕೇ ವಾರಂಟಿ ಕೊಡಲಿಕ್ಕಿಲ್ಲ ಅನ್ನುವ ಅಂಜಿಕೆ ಬೇರೆ.

ವೆಲ್ಡಿಂಗ್ ಬೇಡ. ಆ ಗೆರೆಯನ್ನು ಪಾಲಿಶ್ ಪೇಪರಿನಿಂದ ತಿಕ್ಕುವುದೂ ಬೇಡ. ತೀರ್ಮಾನ ಆಗುವವರೆಗೆ ಗಾಡಿ ನಿಲ್ಲಿಸಿ. ಸೀಟಿನ ಕೆಳಗಿನ ರೇಲ್ ಬಿರುಕು ಬಿಟ್ಟರೆ ಹಿಂಭಾಗ ಜೋತು ಬಿದ್ದು ಮುನ್ಸೂಚನೆ ಕೊಡುತ್ತದೆ. ಹೆಡ್ ಪೈಪಿನ ಹತ್ತಿರದ್ದು ಹಾಗಲ್ಲ, ಒಂದು ದೊಡ್ಡ ತಗ್ಗಿಗೆ ಬಿದ್ದಾಗ ಉಳಿದ ಲೋಹ ಒಮ್ಮೆಲೇ ಹರಿಯಬಹುದು. ಹರಿದರೆ ಹ್ಯಾಂಡಲ್, ಮುಂದಿನ ಗಾಲಿ ಎರಡೂ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಆದರೆ ‘ಟಕ್’ ಸದ್ದು ಬಿರುಕಿನದೇ ಅನ್ನಲಾಗದು. ಬಹಳ ಸಲ ಅದು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲಾಗಿದ್ದರ ಸದ್ದು. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಕಟ್ಟಿಗೆ ಕೊಟ್ಟು ಮುಂದಿನ ಗಾಲಿ ಎತ್ತಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ, ಇನ್ನೊಬ್ಬರು ಹೆಡ್ ಪೈಪಿನ ಕೆಳಗೆ ಬೆರಳಿಟ್ಟಿರಲಿ. ಅಲ್ಲಿ ಆಟ, ಅಂದರೆ ಸಡಿಲ ಅಲುಗಾಟ, ಸಿಕ್ಕರೆ ಕೋನ್‌ಸೆಟ್. ಹ್ಯಾಂಡಲ್ ನಿಧಾನವಾಗಿ ತಿರುಗಿಸುವಾಗ ನಡುವೆ ಗಚ್ಚನೆ ಕೂತಂತಾದರೆ ಬೇರಿಂಗ್ ಕಪ್ಪಿನಲ್ಲಿ ತಗ್ಗು ಬಿದ್ದಿದೆ. ಹಿಂದಿನ ಗಾಲಿಯನ್ನೂ ಅಡ್ಡಕ್ಕೆ ಅಲ್ಲಾಡಿಸಿ ಸ್ವಿಂಗ್‌ಆರ್ಮ್ (ಹಿಂದಿನ ಗಾಲಿ ಹಿಡಿದ ತೋಳು) ಬುಶ್ ನೋಡಿ. ಎಂಜಿನ್ ಮೌಂಟಿಂಗ್ ಬೋಲ್ಟುಗಳನ್ನು ಮರೆಯಬೇಡಿ. ಡೈಮಂಡ್ ಫ್ರೇಮ್ ಗಾಡಿಗಳಲ್ಲಿ ಎಂಜಿನ್ನೇ ಚಾಸಿಯ ಒಂದು ಭಾಗ, ಆ ಬೋಲ್ಟ್ ಸಡಿಲಾದರೆ ಎಂಜಿನ್ ಹೊರಬೇಕಾದ ಭಾರವನ್ನೂ ಪೈಪಿನ ವೆಲ್ಡಿಂಗೇ ಹೊರಬೇಕಾಗುತ್ತದೆ. ಹಾಗಾಗಿ ಸಡಿಲ ಬೋಲ್ಟ್ ಬಿರುಕಿನಂತೆ ಸದ್ದು ಮಾಡುವುದಷ್ಟೇ ಅಲ್ಲ, ಬಿರುಕನ್ನು ಹುಟ್ಟಿಸಲೂಬಹುದು.

ಇನ್ನು ಆ ಗೆರೆ. ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಟಾರ್ಚನ್ನು ಅಡ್ಡಕ್ಕೆ ಹಿಡಿದು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬರೀ ಬಣ್ಣದ ಸೀಳಾದರೆ ಸಾಮಾನ್ಯವಾಗಿ ಕವಲೊಡೆದು ಜಾಳಿಗೆಯಂತೆ ಇರುತ್ತದೆ, ಒಳಗೆ ತುಕ್ಕು ಇರುವುದಿಲ್ಲ. ಲೋಹದ ಬಿರುಕು ಒಂದೇ ಗೆರೆ. ವೆಲ್ಡಿಂಗ್ ಉಬ್ಬು ಮುಗಿದು ಪೈಪ್ ಶುರುವಾಗುವ ಅಂಚನ್ನೇ ಹಿಡಿದು ಹೋಗುತ್ತದೆ, ಒಂದು ತುದಿ ಕೂದಲೆಳೆಯಷ್ಟು ತೆಳ್ಳಗಾಗಿ ಪೈಪಿನೊಳಕ್ಕೆ ಇಳಿದಿರುತ್ತದೆ. ಒರೆಸಿದ ಕೆಲ ದಿನಕ್ಕೆ ಕಂದು ಪುಡಿ ಮತ್ತೆ ಕೂತರೆ ಅನುಮಾನ ಗಟ್ಟಿಯಾಗುತ್ತದೆ.

ಮನೆಯಲ್ಲೇ ಮಾಡುವ ಹಳೆಯ ಪರೀಕ್ಷೆ ಚಿಮಣಿ ಎಣ್ಣೆ (ಸೀಮೆಎಣ್ಣೆ), ಸೀಮೆಸುಣ್ಣದ್ದು. ಚಿಮಣಿ ಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ಲೂ ನಡೆಯುತ್ತದೆ. ಹತ್ತಿಯಲ್ಲಿ ಅದ್ದಿ ಗೆರೆಗೆ ಹಚ್ಚಿ, 15–20 ನಿಮಿಷ ಬಿಟ್ಟು, ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಗಾಡಿಯ ಮೇಲೆ ಒಬ್ಬರು ಕೂತು ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ಒತ್ತಿ ಒತ್ತಿ ಬಿಡಲಿ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಣ್ಣ ಬಿರುಕಿನ ಮೇಲೆ ಹಾಗೇ ಹಿಡಿದುಕೊಂಡಿದ್ದರೆ ಇದು ಏನೂ ತೋರಿಸುವುದಿಲ್ಲ. ಆದ್ದರಿಂದ ಗೆರೆ ಮೂಡಿದರೆ ನಂಬಿ, ಮೂಡದಿದ್ದರೆ ನಿಶ್ಚಿಂತೆ ಆಗಬೇಡಿ.

ಪಕ್ಕಾ ಆಗಬೇಕಾದರೆ ಡಿಪಿ ಟೆಸ್ಟ್, ಅಂದರೆ ಡೈ ಪೆನೆಟ್ರಂಟ್, ಬಿರುಕಿನೊಳಕ್ಕೆ ಬಣ್ಣ ಇಳಿಸಿ ನೋಡುವುದು. ಮೂರು ಸ್ಪ್ರೇ ಡಬ್ಬಿ: ಕ್ಲೀನರ್, ಕೆಂಪು ಪೆನೆಟ್ರಂಟ್, ಬಿಳಿ ಡೆವಲಪರ್. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳ ಕಡೆ ಇದು ಪರಿಚಿತ ಕೆಲಸ. ಕೆಂಪು ಬಣ್ಣ ಹಚ್ಚಿ 10ರಿಂದ 20 ನಿಮಿಷ ಬಿಡಬೇಕು. ಆಮೇಲೆ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರ ಚಾಸಿಗೇ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ, ಬಹಳ ಜನ ಕೆಡಿಸುವುದು ಇಲ್ಲೇ. ಡೆವಲಪರ್ ತೆಳ್ಳಗೆ ಹೊಡೆದು ಹತ್ತು ನಿಮಿಷ ಕಾದರೆ ಬಿಳಿಯ ಮೇಲೆ ಕೆಂಪು ಗೆರೆ. ಇದಕ್ಕೆ ಮಾತ್ರ ಬಣ್ಣ ತೆಗೆಯಲೇಬೇಕು. ತೆಗೆಯುವುದು ಪೇಂಟ್ ರಿಮೂವರ್‌ನಿಂದ, ಗ್ರೈಂಡರ್‌ನಿಂದಲ್ಲ. ಗ್ರೈಂಡರ್ ಹಾಕಿದರೆ ಮೇಲಿನ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚುತ್ತದೆ. ವಾರಂಟಿ ಇರುವಾಗ ಈ ಕೆಲಸ ಸರ್ವಿಸ್ ಸೆಂಟರಿನವರ ಕೈಯಿಂದ, ಜಾಬ್ ಕಾರ್ಡಿನಲ್ಲಿ ಬರೆಸಿಯೇ ಆಗಲಿ.

ವಾರಂಟಿ ನಿಲ್ಲುವುದು, ಬೀಳುವುದು ಬಿರುಕಿನ ಕಾರಣದ ಮೇಲೆ. ಎಲ್ಲಾದರೂ ಗುದ್ದಿದ ಗಾಡಿಯಾದರೆ ಹೆಡ್ ಪೈಪಿನ ಹಿಂದೆ ಪೈಪ್ ಉಬ್ಬಿರುತ್ತದೆ ಇಲ್ಲವೇ ಮಡಿಚಿರುತ್ತದೆ, ಬಣ್ಣ ಸುಕ್ಕುಗಟ್ಟಿರುತ್ತದೆ. ಅದು ವಾರಂಟಿಯ ಮಾತಲ್ಲ, ಇನ್ಶೂರೆನ್ಸಿನ ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆದ ಹಾನಿಯ) ಕ್ಲೇಮ್. ಪೈಪ್ ನೇರವಾಗಿದ್ದು ಬಿರುಕು ವೆಲ್ಡಿಂಗ್ ಅಂಚಿನಲ್ಲಷ್ಟೇ ಇದ್ದರೆ ಅದು ದಣಿವಿನ ಬಿರುಕು, ಸ್ವಲ್ಪ ಸ್ವಲ್ಪವೇ ಬೆಳೆದದ್ದು. ವೆಲ್ಡಿಂಗ್ ಪೈಪಿಗೆ ಕರಗಿ ಕೂಡದೆ ಮೇಲೆ ಮೆತ್ತಿಕೊಂಡಿದ್ದರೆ, ಅಂಚಿನಲ್ಲಿ ಪೈಪನ್ನು ಕೊರೆದು ಸಣ್ಣ ಕಾಲುವೆ ಬಿಟ್ಟಿದ್ದರೆ, ರಂಧ್ರಗಳಿದ್ದರೆ ಅದು ತಯಾರಿಕೆಯ ದೋಷ. ನಿಮ್ಮ ಫೋಟೋಗಳಲ್ಲಿ ಇದು ಕಾಣಬೇಕು. ಒಮ್ಮೆ ವೆಲ್ಡಿಂಗ್ ಹೊಡೆದರೆ ಈ ಸಾಕ್ಷಿ ಎಲ್ಲ ಕರಗಿ ಹೋಗುತ್ತದೆ, "ಹೊರಗೆ ರಿಪೇರಿ ಮಾಡಿಸಿದ್ದಾರೆ" ಅನ್ನಲು ಕಂಪನಿಗೆ ಕಾರಣವೂ ಸಿಗುತ್ತದೆ. ಅಲ್ಲದೆ ಗೇಟು, ಗ್ರಿಲ್ ಮಾಡುವ ರಾಡ್ ವೆಲ್ಡಿಂಗ್ ಈ ತೆಳು ಪೈಪಿಗೆ ಸರಿಹೋಗುವುದಿಲ್ಲ. ಬಿರುಕನ್ನು ಬುಡದವರೆಗೆ ಕೊರೆಯದೆ ಮೇಲೆ ಮುಚ್ಚಿದರೆ ಅದು ಪಕ್ಕದಲ್ಲೇ ಮತ್ತೆ ಏಳುತ್ತದೆ. ಚಾಸಿ ನಂಬರ್ ಹೆಡ್ ಪೈಪಿನ ಮೇಲಿದ್ದರೆ ಅದರ ಸುತ್ತ ಗ್ರೈಂಡರ್ ಗುರುತು ಬಿದ್ದ ಗಾಡಿಯನ್ನು ಮುಂದೆ ಆರ್‌ಟಿಓದಲ್ಲಿ ಅನುಮಾನದಿಂದಲೇ ನೋಡುತ್ತಾರೆ.

ಹಾಲಿನ ಕ್ಯಾನ್ ವಿಷಯ. ಓವರ್‌ಲೋಡ್ ಸಾಮಾನ್ಯವಾಗಿ ವಾರಂಟಿಗೆ ಹೊರತು, ಆದರೆ ಕ್ಯಾನ್ ಕಟ್ಟಿದ್ದೆಲ್ಲ ಓವರ್‌ಲೋಡ್ ಅಲ್ಲ. ಮ್ಯಾನ್ಯುಅಲ್‌ನಲ್ಲಿ ಗರಿಷ್ಠ ಭಾರ ಎಷ್ಟು ಅಂತ ಇರುತ್ತದೆ, ಕಮ್ಯೂಟರ್ ಬೈಕುಗಳಲ್ಲಿ ಸವಾರ ಸೇರಿ 130 ಕೆಜಿ ಆಸುಪಾಸು ಇರುವುದುಂಟು. ಲೀಟರ್ ಹಾಲು 1.03 ಕೆಜಿ. 20 ಲೀಟರಿನ ಎರಡು ಕ್ಯಾನಿಗೆ ಹಾಲೇ 41 ಕೆಜಿ, ನೀವು 65 ಕೆಜಿ ಇದ್ದರೆ 106. ಖಾಲಿ ಕ್ಯಾನಿನ ತೂಕ ಸೇರಿಸಿದರೂ ಮಿತಿಯೊಳಗೆ. 40 ಲೀಟರಿನ ಎರಡಾದರೆ ಹಾಲೇ 82 ಕೆಜಿ, ನಿಮ್ಮನ್ನು ಸೇರಿಸಿದರೆ 147, ಅಲ್ಲಿಗೆ ಮಿತಿ ದಾಟಿತು. ಹಿಂದೆ ಜೋತ ಭಾರ ಮೊದಲು ಸೊರಗಿಸುವುದು ಸೀಟ್ ರೇಲ್, ಶಾಕ್ ಕೂರುವ ಜಾಗಗಳನ್ನು. ಅವು ನೆಟ್ಟಗಿದ್ದು ಹೆಡ್ ಪೈಪಿನ ವೆಲ್ಡಿಂಗ್ ಮಾತ್ರ ಬಿಟ್ಟಿದ್ದರೆ ಓವರ್‌ಲೋಡ್ ವಾದ ಸಡಿಲ. ಅವುಗಳ ಫೋಟೋವನ್ನೂ ತೆಗೆದಿಡಿ. ಕ್ಯಾರಿಯರ್ ಬೋಲ್ಟಿನಲ್ಲಿ ಕೂತಿದ್ದರೆ ಮಾತಾಡಲು ಜಾಗ ಇದೆ. ಚಾಸಿಗೇ ವೆಲ್ಡ್ ಮಾಡಿಸಿದ್ದರೆ ನಿಮ್ಮ ಪಕ್ಷ ಬಹಳ ದುರ್ಬಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಶೋರೂಮಿಗೆ ಹೋಗುವಾಗ ಗಾಡಿ ಓಡಿಸಿಕೊಂಡು ಹೋಗಬೇಡಿ, ಟಾಟಾ ಏಸ್‌ನಲ್ಲಿ ಹಾಕಿಸಿ. ಬಿಲ್, ಆರ್‌ಸಿ, ಇನ್ಶೂರೆನ್ಸ್, ವಾರಂಟಿ ಪುಸ್ತಕ, ಸರ್ವಿಸ್ ದಾಖಲೆ ಜೊತೆಗಿರಲಿ. ಸರ್ವಿಸ್ ತಪ್ಪಿಸಿದ್ದರೆ ಅದನ್ನೇ ಮೊದಲು ಹಿಡಿಯುತ್ತಾರೆ. ಜಾಬ್ ಕಾರ್ಡಿನಲ್ಲಿ ‘ಸದ್ದು’ ಅಂತಷ್ಟೇ ಬರೆದರೆ ಒಪ್ಪಬೇಡಿ. "ಹೆಡ್ ಪೈಪ್ ಹಿಂಬದಿಯ ವೆಲ್ಡಿಂಗ್‌ನಲ್ಲಿ ಬಿರುಕು, ವಾರಂಟಿ ಪರಿಶೀಲನೆಗೆ" ಅಂತ, ಕಿಲೋಮೀಟರ್ ಸಮೇತ ಬರೆಸಿ ಪ್ರತಿ ತಗೊಳ್ಳಿ. ಚಾಸಿ ಬದಲಿಸುವ ತೀರ್ಮಾನ ಸಾಮಾನ್ಯವಾಗಿ ಡೀಲರ್ ಕೈಯಲ್ಲಿಲ್ಲ, ಕಂಪನಿಯ ಏರಿಯಾ ಸರ್ವಿಸ್ ಎಂಜಿನಿಯರ್ ನೋಡಬೇಕು. ಅವರ ಭೇಟಿಯ ದಿನ ಕೇಳಿ, ಆ ದಿನ ನೀವೂ ಅಲ್ಲಿರಿ. ಅದೇ ಸಂಜೆ ಕಂಪನಿಯ ಕಸ್ಟಮರ್ ಕೇರ್‌ಗೆ ಜಾಬ್ ಕಾರ್ಡ್ ನಂಬರ್, ಚಾಸಿ ನಂಬರ್, ಫೋಟೋ ಹಾಕಿ ಮೇಲ್ ಮಾಡಿ. ಬರೀ ಫೋನಿನ ಮಾತು ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆಗಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ. ಆಮೇಲೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬೈಕ್ ಬೇರೆ ಊರಲ್ಲಿ ತಗೊಂಡಿದ್ದರೂ ಅಡ್ಡಿಯಿಲ್ಲ. 5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಆಯೋಗ ವಸ್ತುವನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಲ್ಲದು, ಬಿರುಕನ್ನು ಮುಟ್ಟದೆ ಇಡಿ ಅಂದದ್ದು ಅದಕ್ಕೂ ಹೌದು. ಇದೇ ಮಾದರಿಯ ಬೇರೆ ಗಾಡಿಗಳಲ್ಲೂ ಇದೇ ಜಾಗದಲ್ಲಿ ಬಿರುಕು ಕಂಡಿದ್ದರೆ ದೋಷವಿರುವ ವಾಹನಗಳ ಬಗ್ಗೆ ದೂರು ಪಡೆಯುವ ಸರ್ಕಾರಿ ವಾಹನ್ ರೀಕಾಲ್ ಪೋರ್ಟಲ್‌ನಲ್ಲೂ ದಾಖಲಿಸಿ.

ಒಪ್ಪಿದರು ಅಂತಿಟ್ಟುಕೊಳ್ಳಿ. ಹೊಸ ಚಾಸಿ ಬಂದರೆ ಕಾಗದದ ಕೆಲಸ ಬಾಕಿ ಇರುತ್ತದೆ. ನಂಬರ್ ಬದಲಾದರೂ, ಹಳೆಯದನ್ನೇ ಮತ್ತೆ ಪಂಚ್ ಮಾಡುವುದಾದರೂ ಆರ್‌ಟಿಓ ಅನುಮತಿ ಇಲ್ಲದೆ ಆಗಬಾರದು. ನೋಂದಣಿ ಮುಧೋಳ ಕಡೆಯದಾದರೆ ನಿಮ್ಮದು ಕೆಎ-48 ಜಮಖಂಡಿಯೋ ಕೆಎ-29 ಬಾಗಲಕೋಟೆಯೋ, ಆರ್‌ಸಿ ನೋಡಿ ಅದೇ ಕಚೇರಿಗೆ ಹೋಗಬೇಕು. ಡೀಲರ್ ಪತ್ರ, ಚಾಸಿಯ ಬಿಲ್ ಕೈಯಲ್ಲಿಲ್ಲದೆ ಗಾಡಿ ಹೊರಗೆ ತರಬೇಡಿ. ನಂಬರ್ ಬದಲಾದರೆ ಇನ್ಶೂರೆನ್ಸ್ ಪಾಲಿಸಿಯಲ್ಲೂ, ಸಾಲ ಇದ್ದರೆ ಫೈನಾನ್ಸ್ ಕಂಪನಿಯಲ್ಲೂ ತಿದ್ದಿಸಬೇಕು. ಇಲ್ಲದಿದ್ದರೆ ಮುಂದಿನ ಕ್ಲೇಮ್‌ನಲ್ಲಿ ತೊಡಕು.

ಡೆಲಿವರಿ ತಗೊಳ್ಳುವಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರಿಂಗ್, ಕೇಬಲ್ ಎಲ್ಲೂ ಜಗ್ಗಬಾರದು. ಹಿಂದಿನ ಟೈರಿನ ಎರಡೂ ಬದಿಗೆ ಉದ್ದ ದಾರ ತಾಗಿಸಿ ಮುಂದಕ್ಕೆ ಎಳೆಯಿರಿ, ಮುಂದಿನ ಟೈರಿನ ಎರಡೂ ಪಕ್ಕ ಸಂದು ಒಂದೇ ಇರಬೇಕು. ಹೆಚ್ಚುಕಡಿಮೆ ಇದ್ದರೆ ಮೊದಲು ಚೈನ್ ಅಡ್ಜಸ್ಟರ್ ಗುರುತು ಸರಿ ಮಾಡಿಸಿ ಮತ್ತೆ ನೋಡಿ. ಕೋನ್‌ಸೆಟ್ ಹೊಸದು ಹಾಕಿದ್ದಾರಾ ಅಂತ ಬಿಲ್ಲಿನಲ್ಲೇ ನೋಡಿ. ಹಳೆ ಕಪ್‌ಗಳನ್ನೇ ಬಡಿದು ಕೂರಿಸಿದ್ದರೆ ‘ಟಕ್’ ಮತ್ತೆ ಬರುತ್ತದೆ. ಹೊಸ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಿ, ಆರ್‌ಟಿಓದಲ್ಲಿ ಕೇಳಿದರೆ ಕೈಯಲ್ಲಿರುತ್ತದೆ.