ರ‍್ಯಾಂಡಮ್ ಪಿಡಬ್ಲ್ಯುಎಂ ಹಾಕಿದರೆ ಮೋಟಾರಿನ ಕೀರಲು ಸದ್ದು ಹೋಗುತ್ತಾ? ಯಾವ ವಿಧಾನ ಒಳ್ಳೇದು?

ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತೆ, ಅದೇ ಪಿಡಬ್ಲ್ಯುಎಂ. ಆ ಲಯ ಒಂದೇ ಸಮ ಇದ್ದರೆ ಕೀರಲು, ಅದನ್ನು ಅಡ್ಡಾದಿಡ್ಡಿ ಮಾಡುವುದೇ ರ‍್ಯಾಂಡಮ್. ನಿಮ್ಮ ಈ ಕೀರಲು ಸದ್ದು ನನಗೆ ಚೆನ್ನಾಗಿ ಗೊತ್ತು. ಒಂದು ಆರ್ಡರೇ ಕಳೆದುಕೊಂಡಿದ್ದೇನೆ.

ಆಗ ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ಡ್ರೈವ್‌ಗಳಿಗೆ ಫರ್ಮ್‌ವೇರ್ ಬರೆಯುತ್ತಿದ್ದೆ. ಆಸ್ಪತ್ರೆಯೊಂದರ ಏಸಿ ಬ್ಲೋವರ್, 5 ಎಚ್‌ಪಿ ಇಂಡಕ್ಷನ್ ಮೋಟಾರ್. ಸ್ವಿಚಿಂಗ್ 4 ಕಿಲೋಹರ್ಟ್ಸ್, ಕಿವಿ ತುಂಬಾ ಚುರುಕಾಗಿರುವ ಫ್ರೀಕ್ವೆನ್ಸಿ. ಆ ಸದ್ದು ಡಕ್ಟ್ ಹಿಡಿದು ವಾರ್ಡಿನವರೆಗೂ ಹೋಗುತ್ತಿತ್ತು. ರಾತ್ರಿ ರೋಗಿಗಳಿಗೆ ನಿದ್ದೆಯಿಲ್ಲ.

ಪ್ರತಿ ಸೈಕಲ್‌ಗೂ ಕ್ಯಾರಿಯರ್ (ಅಂದರೆ ಸ್ವಿಚಿಂಗ್) ಫ್ರೀಕ್ವೆನ್ಸಿ 3ರಿಂದ 5 ಕಿಲೋಹರ್ಟ್ಸ್ ನಡುವೆ ಬದಲಾಗುವ ಹಾಗೆ ಮಾಡಿದೆ. ಎಫ್‌ಎಫ್‌ಟಿಯಲ್ಲಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ನಕ್ಷೆ) 4ರ ಹತ್ತಿರ, 8ರ ಹತ್ತಿರ ಮೊಳೆಗಳ ಹಾಗೆ ನಿಂತಿದ್ದ ಗೆರೆಗಳು ಹೋಗಿ ಅಗಲವಾದ ದಿಬ್ಬಗಳಾದವು. ಕಳಿಸಿಬಿಟ್ಟೆ. ವಾರದೊಳಗೆ ವಾಪಸ್ ಬಂತು. ಕೀರಲು ಇಲ್ಲ, ಆದರೆ ಗುರ್‌ಗುರ್ ಅನ್ನುತ್ತೆ, ಮೊದಲಿದ್ದದ್ದೇ ವಾಸಿ ಅಂದರು.

ತಪ್ಪು ಎಲ್ಲಿತ್ತು ಅಂದರೆ, ರ‍್ಯಾಂಡಮ್ ಸಂಖ್ಯೆಗೆ ನಾನು ಬಳಸಿದ್ದು 8 ಬಿಟ್ ಶಿಫ್ಟ್ ರಿಜಿಸ್ಟರ್, ಅಂದರೆ ಒಂದು ಗೊತ್ತಾದ ಕ್ರಮದಲ್ಲಿ ಸಂಖ್ಯೆ ಹುಟ್ಟಿಸುವ ಲೆಕ್ಕ. ಅದು 255 ಸಂಖ್ಯೆ ಕೊಟ್ಟು ಮತ್ತೆ ಮೊದಲಿಂದ ಶುರು. ಒಂದು ಸೈಕಲ್ ಸುಮಾರು ಕಾಲು ಮಿಲಿಸೆಕೆಂಡ್, 255 ಸೈಕಲ್ ಅಂದರೆ ಸುಮಾರು 65 ಮಿಲಿಸೆಕೆಂಡ್. ಸೆಕೆಂಡಿಗೆ 15 ಸಲ ಅದೇ ಸಾಲು, ಅದೇ ಕ್ರಮ. ಕಿವಿಗೆ ಅದು ಗುರ್‌ಗುರ್ ಅಂತಲೇ ಕೇಳುತ್ತೆ. ಎಫ್‌ಎಫ್‌ಟಿ ಯಾಕೆ ತೋರಿಸಲಿಲ್ಲ? ನಾನು ಇಟ್ಟ ವಿಂಡೋ, ಅಂದರೆ ಒಂದು ಸಲಕ್ಕೆ ಅಳೆಯುವ ಅವಧಿ, 50 ಮಿಲಿಸೆಕೆಂಡ್. ಅದರಲ್ಲಿ 20 ಹರ್ಟ್ಸ್‌ಗಿಂತ ಹತ್ತಿರದ ಗೆರೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ನನ್ನ ಗೆರೆಗಳಿದ್ದದ್ದು 15 ಹರ್ಟ್ಸ್‌ಗೊಂದು. ಎಲ್ಲ ಸೇರಿ ನುಣ್ಣಗಿನ ದಿಬ್ಬ ಆಗಿತ್ತು. ಪಕ್ಕದ ಶೆಡ್ಡಿನ ಪವರ್ ಪ್ರೆಸ್ ಗದ್ದಲದಲ್ಲಿ ಬೆಂಚ್ ಮೇಲೂ ಕೇಳಿಸಲಿಲ್ಲ. ಆಮೇಲೆ 16 ಬಿಟ್ ಮಾಡಿದೆ, ಸುತ್ತು 16 ಸೆಕೆಂಡ್ ದಾಟಿತು, ಗುರ್‌ಗುರ್ ನಿಂತಿತು. ಅಷ್ಟರಲ್ಲಿ ಆಸ್ಪತ್ರೆಯವರು ಬೇರೆಯವರ ಹತ್ತಿರ ಹೋಗಿದ್ದರು.

ಈಗ ನಿಮ್ಮ ಪ್ರಶ್ನೆ. ಸೈಕಲ್ ಒಳಗೆ ಪಲ್ಸ್ ಜಾಗ ಬದಲಿಸೋದಾ, ಫ್ರೀಕ್ವೆನ್ಸಿ ಬದಲಿಸೋದಾ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸದ್ದು ಯಾವುದರಿಂದಲೂ ಹೋಗುವುದಿಲ್ಲ, ಹರಡುತ್ತೆ. ಶಿಳ್ಳೆ ಇದ್ದದ್ದು ಸ್ಸ್ ಅಂತ ಆಗುತ್ತೆ, ಶಕ್ತಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಡ್ರೈವ್ ಹೆಚ್ಚಿನ ಬಿಸಿ ತಾಳುತ್ತೆ ಅಂದರೆ, ಕರೆಂಟ್ ಸ್ವಲ್ಪ ಇಳಿಸಿ ಸ್ವಿಚಿಂಗ್ 16 ಕಿಲೋಹರ್ಟ್ಸ್‌ಗೆ ಏರಿಸಿ, ಅದೇ ಜಾಸ್ತಿ ನೆಮ್ಮದಿ. ಆಗಲ್ಲ ಅಂದರೆ ಮಾತ್ರ ರ‍್ಯಾಂಡಮ್. ಆಗಲೂ ಸ್ಟೇಟರಿನ (ಮೋಟಾರಿನ ತಿರುಗದ ಭಾಗ) ಸ್ವಾಭಾವಿಕ ಕಂಪನ ನಿಮ್ಮ ಫ್ರೀಕ್ವೆನ್ಸಿ ವ್ಯಾಪ್ತಿಯೊಳಗೆ ಬಿದ್ದರೆ ಅದು ಝೇಂಕರಿಸುತ್ತೆ. ಎಫ್‌ಎಫ್‌ಟಿ ವಿಂಡೋ ಎರಡು ಸೆಕೆಂಡಾದರೂ ಇಡಿ. ಆಮೇಲೆ ಮೋಟಾರನ್ನು ಡಕ್ಟಿಗೆ ಜೋಡಿಸಿ, ರಾತ್ರಿ ಹೊತ್ತು, ಗಾಳಿ ಬರುವ ಜಾಲರಿ ಕೆಳಗೆ ಹತ್ತು ನಿಮಿಷ ನಿಂತು ಕೇಳಿ.