ಓದುಗರ ಪ್ರಶ್ನೆ, ತಜ್ಞರ ಉತ್ತರ: ಪ್ರಾಕ್ಸ್‌ಮಾಕ್ಸ್ ಕಾನ್ಫಿಗ್ ಕೆಟ್ಟಾಗ

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನಲ್ಲಿ ಒಂದೇ ಒಂದು ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರ, ಅಂದರೆ ವಿಎಂ, ಓಡಿಸುವ ತಂತ್ರಾಂಶ) ಸರ್ವರ್ ಇದೆ. ಕರೆಂಟ್ ಹೋದಾಗ ಯುಪಿಎಸ್ ಕೂಡ ಕೈಕೊಟ್ಟು ಸರ್ವರ್ ದಿಢೀರನೆ ಆಫ್ ಆಯಿತು. ಈಗ ಅದನ್ನು ನಿರ್ವಹಿಸುವ 8006ನೇ ಪೋರ್ಟಿನ ವೆಬ್ ಪುಟ ತೆರೆಯುತ್ತಿಲ್ಲ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಆಜ್ಞೆ ಕೊಡುವ ದಾರಿ) ಒಳಹೊಕ್ಕು ನೋಡಿದರೆ ಕಾನ್ಫಿಗ್ ಫೈಲುಗಳಿರುವ /ಇಟಿಸಿ/ಪಿವಿಇ ಪೂರ್ತಿ ಖಾಲಿ. ಲಾಗ್‌ನಲ್ಲಿ ‘ಫೇಲ್ಡ್ ಟು ಲೋಡ್ ಲೋಕಲ್ ಪ್ರೈವೇಟ್ ಕೀ’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡದೆ ಬೇರೆ ದಾರಿ ಇಲ್ಲವೇ?
– ಓದುಗರು, ಹಾಸನ

ಉತ್ತರ: ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಇನ್‌ಸ್ಟಾಲರ್ ನೀವು ಆರಿಸಿದ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ವಿಎಂಗಳು ಅದೇ ಡಿಸ್ಕಿನ ಲೋಕಲ್-ಎಲ್‌ವಿಎಂ ಎಂಬ ಸ್ಟೋರೇಜ್‌ನಲ್ಲಿದ್ದರೆ ಅವೂ ಹೋಗುತ್ತವೆ. ಮೊದಲು ‘ಎಲ್‌ವಿಎಸ್’ ಆಜ್ಞೆ ಕೊಟ್ಟು ನೋಡಿ. ವಿಎಂ-100-ಡಿಸ್ಕ್-0 ಎಂಬಂಥ ಹೆಸರುಗಳು ಕಂಡರೆ ಡಿಸ್ಕುಗಳು ಜಾಗದಲ್ಲೇ ಇವೆ. ಕಳೆದುಹೋಗಿರುವುದು ಅವುಗಳ ವಿವರ ಮಾತ್ರ.

ಕೀ ಬಗೆಗಿನ ದೂರು ಪರಿಣಾಮವಷ್ಟೇ, ಕಾರಣವಲ್ಲ. /ಇಟಿಸಿ/ಪಿವಿಇ ಎಂಬುದು ಮಾಮೂಲಿ ಫೋಲ್ಡರ್ ಅಲ್ಲ. ಪಿಎಂಎಕ್ಸ್‌ಸಿಎಫ್‌ಎಸ್ ಎಂಬ ಪ್ರೋಗ್ರಾಂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸನ್ನು ಓದಿ ಅದನ್ನು ಫೋಲ್ಡರಿನಂತೆ ತೋರಿಸುತ್ತದೆ. ಅಸಲಿ ಮಾಲು ಇರುವುದು /ವಾರ್/ಲಿಬ್/ಪಿವಿಇ-ಕ್ಲಸ್ಟರ್ ಒಳಗಿನ ಕಾನ್ಫಿಗ್.ಡಿಬಿ ಫೈಲಿನಲ್ಲಿ. ಖಾಲಿ ಫೋಲ್ಡರಿಗೆ ಹೊಸ ಫೈಲುಗಳನ್ನು ಹಾಕುವುದು ಕನ್ನಡಿಯ ಮುಖಕ್ಕೆ ಕುಂಕುಮ ಹಚ್ಚಿದಂತೆ. ಅಷ್ಟೇ ಅಲ್ಲ, ಹಾಗೆ ಹಾಕಿದರೆ ಮುಂದೆ ‘ಮೌಂಟ್‌ಪಾಯಿಂಟ್ ಈಸ್ ನಾಟ್ ಎಂಪ್ಟಿ’ ಎಂದು ಸೇವೆ ಏಳುವುದೇ ಇಲ್ಲ. ಈಗಾಗಲೇ ಏನಾದರೂ ಹಾಕಿದ್ದರೆ ತೆಗೆದು ಬೇರೆಡೆ ಇಡಿ.

ಡೇಟಾಬೇಸಿಗೆ ಕೈಹಾಕುವ ಮುನ್ನ ಎರಡು ಸಂಗತಿ ನೋಡಿಬಿಡಿ. ‘ಡಿಎಫ್ -ಎಚ್’ನಲ್ಲಿ ರೂಟ್ (ಸಿಸ್ಟಂ ಇರುವ ಮುಖ್ಯ ವಿಭಾಗ) 100% ತುಂಬಿದೆಯೇ? ಬ್ಯಾಕಪ್ ಡಿಸ್ಕ್ ಮೌಂಟ್ ತಪ್ಪಿದಾಗ ಬ್ಯಾಕಪ್‌ಗಳೆಲ್ಲ ರೂಟ್‌ಗೇ ಬಂದು ಬೀಳುವುದು ಬಹಳ ಸಾಮಾನ್ಯ. ಎರಡನೆಯದು /ಇಟಿಸಿ/ಹೋಸ್ಟ್ಸ್: ಸರ್ವರಿನ ಹೆಸರು 127ರಿಂದ ಶುರುವಾಗುವ ವಿಳಾಸಕ್ಕೆ ಅಂಟಿಕೊಂಡಿದ್ದರೂ ಇದೇ ಲಕ್ಷಣ. ಪಿವಿಇ-ಕ್ಲಸ್ಟರ್ ಸೇವೆಯ ಲಾಗನ್ನು ಜರ್ನಲ್‌ಸಿಟಿಎಲ್‌ನಲ್ಲಿ ತೆರೆದರೆ ಯಾವುದೆಂದು ಗೊತ್ತಾಗುತ್ತದೆ. ಅಲ್ಲಿ ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’ ಅಥವಾ ‘ಡುಪ್ಲಿಕೇಟ್ ನೇಮ್’ ಎಂದಿದ್ದರೆ ಮಾತ್ರ ಮುಂದಿನ ಕೆಲಸ.

ಪಿವಿಇ-ಕ್ಲಸ್ಟರ್ ಸೇವೆ ನಿಲ್ಲಿಸಿ, ಆ ಇಡೀ ಫೋಲ್ಡರನ್ನು ನಕಲು ಮಾಡಿಕೊಳ್ಳಿ. ಕಾನ್ಫಿಗ್.ಡಿಬಿ ಒಂದನ್ನೇ ಎತ್ತಿಕೊಂಡರೆ ಸಾಲದು. ಪಕ್ಕದ ಡಬ್ಲ್ಯೂಎಎಲ್ ಫೈಲಿನಲ್ಲಿ ಮುಖ್ಯ ಫೈಲಿಗೆ ಇನ್ನೂ ಸೇರದ ಇತ್ತೀಚಿನ ಬದಲಾವಣೆಗಳಿರುತ್ತವೆ. ಈ ನಕಲನ್ನು ಎಸ್‌ಕ್ಯೂಲೈಟ್3 ಇರುವ ಬೇರೆ ಲಿನಕ್ಸ್ ಯಂತ್ರಕ್ಕೆ ಒಯ್ದು ಅಲ್ಲೇ ರಿಪೇರಿ ಮಾಡಿ. ಮೂಲವನ್ನು ಮುಟ್ಟಬೇಡಿ.

‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಕೊಟ್ಟಾಗ ಬರೀ ‘ಓಕೆ’ ಬಂದರೆ ಫೈಲ್ ಗಟ್ಟಿಯಾಗಿದೆ, ತೊಂದರೆ ಒಳಗಿನ ಸಾಲುಗಳಲ್ಲಿದೆ. ‘ಡುಪ್ಲಿಕೇಟ್ ನೇಮ್’ ದೋಷ ಈ ಜಾತಿಯದು: ಒಂದೇ ಫೋಲ್ಡರಿನಡಿ ಒಂದೇ ಹೆಸರಿನ ಎರಡು ಸಾಲುಗಳು. ಲಾಗ್ ಎರಡರ ಐನೋಡ್ ಸಂಖ್ಯೆಯನ್ನೂ (ಪ್ರತಿ ಸಾಲಿನ ಗುರುತಿನ ಸಂಖ್ಯೆ) ಕೊಡುತ್ತದೆ. ‘ಟ್ರೀ’ ಟೇಬಲ್ಲಿನಲ್ಲಿ ಎರಡನ್ನೂ ನೋಡಿ, ಯಾವುದರ ಕೆಳಗೆ ಏನೂ ಇಲ್ಲವೋ ಅದನ್ನು ಅಳಿಸಿ.

‘ಓಕೆ’ ಬರದಿದ್ದರೆ ‘.ರಿಕವರ್’ ಬಳಸಿ, ಅದರ ಔಟ್‌ಪುಟ್ಟನ್ನು ಒಂದು ಎಸ್‌ಕ್ಯೂಎಲ್ ಫೈಲಿಗೆ ಹಾಕಿ, ಅದರಿಂದ ಹೊಸ ಡೇಟಾಬೇಸ್ ಕಟ್ಟಿ. ಹಲವರು ಹೇಳುವ ‘.ಡಂಪ್’ ಇಲ್ಲಿ ಮೋಸ ಮಾಡುತ್ತದೆ: ನಡುವೆ ದೋಷ ಸಿಕ್ಕರೆ ಕಡೆಯ ಸಾಲಾಗಿ ‘ರೋಲ್‌ಬ್ಯಾಕ್’ ಬರೆಯುತ್ತದೆ. ಅದನ್ನು ಹಾಗೇ ಉಣಿಸಿದರೆ ಹೊಸ ಡೇಟಾಬೇಸ್ ಖಾಲಿ. ರಿಕವರ್ ಆದಮೇಲೆ ಟ್ರೀ ಟೇಬಲ್ಲಿನಲ್ಲಿ ಸ್ಟೋರೇಜ್.ಸಿಎಫ್‌ಜಿ, ಯೂಸರ್.ಸಿಎಫ್‌ಜಿ, 100.ಕಾನ್ಫ್ ಮುಂತಾದ ಹೆಸರುಗಳಿವೆಯೇ ನೋಡಿ. ‘ಲಾಸ್ಟ್_ಅಂಡ್_ಫೌಂಡ್’ ಎಂಬ ಟೇಬಲ್ ಕಂಡರೆ ಅದನ್ನೂ ಜಾಲಾಡಿ, ಕೆಲವೊಮ್ಮೆ ವಿಎಂನ ಪೂರ್ತಿ ಕಾನ್ಫಿಗ್ ಅಲ್ಲೇ ಸಿಗುತ್ತದೆ.

ಹೊಸ ಫೈಲನ್ನು ಸರ್ವರಿನಲ್ಲಿ ಇಡುವಾಗ ಹಳೆಯ ಡಬ್ಲ್ಯೂಎಎಲ್, ಎಸ್‌ಎಚ್‌ಎಂ ಫೈಲುಗಳನ್ನು ಅಲ್ಲಿಂದ ತೆಗೆಯಿರಿ, ಇಲ್ಲದಿದ್ದರೆ ಹೊಸದೂ ಕೆಟ್ಟೀತು. ಫೈಲಿನ ಮಾಲೀಕ ರೂಟ್ ಬಳಕೆದಾರ, ಅನುಮತಿ 0600. ಸೇವೆ ಶುರುಮಾಡಿ, ಬಳಿಕ ಪಿವಿಇಡೀಮನ್, ಪಿವಿಇಪ್ರಾಕ್ಸಿ, ಪಿವಿಇಸ್ಟ್ಯಾಟ್‌ಡಿ ಮೂರನ್ನೂ ರೀಸ್ಟಾರ್ಟ್ ಮಾಡಿ.

ಏನೂ ದಕ್ಕದಿದ್ದರೆ ಕಾನ್ಫಿಗ್.ಡಿಬಿಯನ್ನು ಪಕ್ಕಕ್ಕಿಟ್ಟು ಸೇವೆ ಶುರುಮಾಡಿ, ಖಾಲಿ ಡೇಟಾಬೇಸ್ ತಾನೇ ಹುಟ್ಟುತ್ತದೆ. ಸ್ಟೋರೇಜ್ ವಿವರವನ್ನು ಮತ್ತೆ ಸೇರಿಸಿ. ಹಳೆಯ ವಿಎಂ ಬ್ಯಾಕಪ್ ಇದ್ದರೆ ಅದರೊಳಗೇ ಕಾನ್ಫಿಗ್ ಇದೆ: ಜಿಪ್ ಬಿಚ್ಚಿದ ವಿಎಂಎ ಫೈಲಿನ ಮೇಲೆ ‘ವಿಎಂಎ ಕಾನ್ಫಿಗ್’ ಓಡಿಸಿದರೆ ಅದು ಪರದೆಗೆ ಬರುತ್ತದೆ. ಅದೂ ಇಲ್ಲದಿದ್ದರೆ ಅದೇ ನಂಬರಿನ ಡಿಸ್ಕಿಲ್ಲದ ವಿಎಂ ಸೃಷ್ಟಿಸಿ ‘ಕ್ಯೂಎಂ ಡಿಸ್ಕ್ ರೀಸ್ಕ್ಯಾನ್’ ಕೊಡಿ. ಡಿಸ್ಕ್ ‘ಅನ್‌ಯೂಸ್ಡ್’ ಎಂದು ಕಾಣಿಸಿಕೊಳ್ಳುತ್ತದೆ, ಅದನ್ನು ಜೋಡಿಸಿ. ಮೊದಲು ವಿಎಂನ ಬೂಟ್ ಫರ್ಮ್‌ವೇರ್ ಓವಿಎಂಎಫ್ ಆಗಿತ್ತೋ ಸೀಬಯೋಸ್ ಆಗಿತ್ತೋ, ಡಿಸ್ಕ್ ಯಾವ ಕಂಟ್ರೋಲರಿನಲ್ಲಿತ್ತೋ ಅದನ್ನೇ ಕೊಡಬೇಕು. ಕಂಟ್ರೋಲರ್ ತಪ್ಪಿದರೆ ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸುತ್ತದೆ. ಮ್ಯಾಕ್ ವಿಳಾಸ ಬದಲಾದರೆ ವಿಎಂ ಒಳಗಿನ ಸ್ಥಿರ ಐಪಿಯನ್ನು ಮತ್ತೆ ಕೊಡಬೇಕಾಗಬಹುದು.

ಪ್ರಶ್ನೆ: ಮೂರು ನೋಡ್‌ಗಳ (ಒಟ್ಟಾಗಿ ದುಡಿಯುವ ಮೂರು ಸರ್ವರ್‌ಗಳ) ಕ್ಲಸ್ಟರಿನಲ್ಲಿ ಒಂದರ ಡೇಟಾಬೇಸ್ ಮಾತ್ರ ಕೆಟ್ಟಿದೆ. ಇಷ್ಟೆಲ್ಲ ಮಾಡಲೇಬೇಕೇ?
– ಓದುಗರು, ಮೈಸೂರು

ಉತ್ತರ: ಬೇಡ. ಉಳಿದೆರಡು ನೋಡ್‌ಗಳಲ್ಲಿ ಪೂರ್ತಿ ಪ್ರತಿ ಇದೆ. ಅವೆರಡೂ ಕೋರಂನಲ್ಲಿವೆ (ಬಹುಮತ ಹೊಂದಿವೆ) ಎಂದು ‘ಪಿವಿಇಸಿಎಂ ಸ್ಟೇಟಸ್’ನಲ್ಲಿ ಖಚಿತಪಡಿಸಿಕೊಳ್ಳಿ. ಕೆಟ್ಟ ನೋಡ್‌ನಲ್ಲಿ ಪಿವಿಇ-ಕ್ಲಸ್ಟರ್ ನಿಲ್ಲಿಸಿ, ಡೇಟಾಬೇಸ್ ಫೈಲುಗಳನ್ನು ಬೇರೆಡೆ ಸರಿಸಿ, ಮತ್ತೆ ಶುರುಮಾಡಿ. ನೋಡ್‌ಗಳನ್ನು ಬೆಸೆಯುವ ಕೋರೋಸಿಂಕ್ ಸೇವೆಯ /ಇಟಿಸಿ/ಕೋರೋಸಿಂಕ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಮತ್ತು ಆಥ್‌ಕೀ ಸರಿಯಿದ್ದರೆ ಉಳಿದದ್ದು ಸಿಂಕ್ ಆಗಿ ಬರುತ್ತದೆ. ಆಗಲೂ ಫೋಲ್ಡರ್ ರೀಡ್-ಓನ್ಲಿ ಆಗಿದ್ದರೆ ದೋಷ ಡೇಟಾಬೇಸಿನದಲ್ಲ, ಆ ನೋಡ್‌ಗೆ ಕೋರಂ ಸಿಕ್ಕಿಲ್ಲ. ಕೋರೋಸಿಂಕ್‌ನ ನೆಟ್‌ವರ್ಕ್ ನೋಡಿ.

ಪ್ರಶ್ನೆ: ಕಾನ್ಫಿಗ್.ಡಿಬಿಗೆ ದಿನವೂ ಬ್ಯಾಕಪ್ ತೆಗೆಯುವುದು ಹೇಗೆ? ಪ್ರಾಕ್ಸ್‌ಮಾಕ್ಸ್‌ನದೇ ಬ್ಯಾಕಪ್ ಸಾಧನ ವಿಜೆಡ್‌ಡಂಪ್ ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ಅದು ವಿಎಂ ಹಾಗೂ ಕಂಟೇನರ್‌ಗಳನ್ನಷ್ಟೇ ಉಳಿಸುತ್ತದೆ, ಹೋಸ್ಟನ್ನಲ್ಲ. ಎಸ್‌ಕ್ಯೂಲೈಟ್3 ಹಾಕಿಕೊಂಡು, ಅದರ ‘.ಬ್ಯಾಕಪ್’ ಆಜ್ಞೆಯನ್ನು ಕ್ರಾನ್‌ನಲ್ಲಿ (ಹೇಳಿದ ಸಮಯಕ್ಕೆ ಆಜ್ಞೆ ಓಡಿಸುವ ಸೇವೆ) ರಾತ್ರಿಗೊಮ್ಮೆ ಓಡಿಸಿ. ಓಡುತ್ತಿರುವ ಡೇಟಾಬೇಸನ್ನು ‘ಸಿಪಿ’ಯಿಂದ ನಕಲು ಮಾಡಿದರೆ ಅರ್ಧಂಬರ್ಧ ಪ್ರತಿ ಸಿಗುವ ಅಪಾಯವಿದೆ. ಜೊತೆಗೆ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಮತ್ತು /ಇಟಿಸಿ/ಹೋಸ್ಟ್ಸ್ ಫೈಲುಗಳೂ ಇರಲಿ. ಎಲ್ಲವೂ ಸೇರಿ ಸಾಮಾನ್ಯವಾಗಿ ಕೆಲವೇ ಎಂಬಿ. ಪ್ರತಿ ಬೇರೆ ಯಂತ್ರದಲ್ಲಿರಲಿ, ಅದರಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳೂ ಖಾಸಗಿ ಕೀಗಳೂ ಇರುವುದರಿಂದ ರೂಟ್ ಬಿಟ್ಟು ಇನ್ಯಾರಿಗೂ ಓದಲು ಬಾರದಂತಿರಲಿ.