ಐಇಎಲ್‌ಟಿಎಸ್ ಮಾತಿನ ಪರೀಕ್ಷೆಗೆ ಹೊರಟಿರುವ ತಂಗಿಗೆ

ತಂಗಿ, ನಿನ್ನ ಪತ್ರ ಓದಿದೆ. ಹತ್ತನೆಯ ತರಗತಿಯವರೆಗೆ ಭಾಲ್ಕಿಯಲ್ಲಿ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. ನರ್ಸಿಂಗ್, ಈಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ಬ್ರಿಟನ್ನಿಗೆ ಬರಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದೀಯ. ಓದುವುದು ಬರೆಯುವುದು ಹೇಗೋ ಆದೀತು, ಪರೀಕ್ಷಕರ ಎದುರು ಕುಳಿತು ಮಾತನಾಡಬೇಕೆಂದರೆ ಗಂಟಲು ಒಣಗುತ್ತದೆ ಎಂದಿದ್ದೀಯ. ಕೋಚಿಂಗ್‌ನವರು ಕೊಟ್ಟ ಮಾದರಿ ಉತ್ತರಗಳನ್ನು ಬಾಯಿಪಾಠ ಮಾಡಲೇ, ಇಷ್ಟು ಇಂಗ್ಲಿಷ್ ಇಟ್ಟುಕೊಂಡು ಅಲ್ಲಿ ಬದುಕಲು ಆದೀತೇ ಎಂದು ಕೇಳಿದ್ದೀಯ. ನಾನು ಆಳಂದದ ಕಡೆಯವಳು, ಈಗ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿ ಇದೇ ಕೆಲಸ ಮಾಡುತ್ತಿದ್ದೇನೆ. ತಿಳಿದದ್ದನ್ನು ಹೇಳುತ್ತೇನೆ.

ಬಾಯಿಪಾಠ ಖಂಡಿತ ಬೇಡ. ಎದುರಿಗೆ ಕೂರುವವರು ತರಬೇತಿ ಪಡೆದ ಪರೀಕ್ಷಕರು. ಉರು ಹೊಡೆದ ಉತ್ತರದ ಧಾಟಿಯೇ ಬೇರೆ. ಎರಡು ವಾಕ್ಯದಲ್ಲಿ ಅವರಿಗೆ ಗೊತ್ತಾಗುತ್ತದೆ, ತಕ್ಷಣ ಬೇರೆ ಪ್ರಶ್ನೆಗೆ ಹೊರಳುತ್ತಾರೆ. ಆಗ ನಿನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು ಮನಸ್ಸಿನಲ್ಲಿರಲಿ: ನೀನು ಹೇಳುವ ಅಭಿಪ್ರಾಯ ಸರಿಯೋ ತಪ್ಪೋ ಎಂದು ಯಾರೂ ಅಳೆಯುವುದಿಲ್ಲ. ತಡವರಿಸದೆ ಒಂದಕ್ಕೊಂದು ಹೊಂದುವಂತೆ ಮಾತನಾಡುತ್ತೀಯೇ, ಪದಗಳು ಎಷ್ಟಿವೆ, ವ್ಯಾಕರಣ ಹೇಗಿದೆ, ಉಚ್ಚಾರಣೆ ತಿಳಿಯುತ್ತದೆಯೇ, ಈ ನಾಲ್ಕನ್ನು ಸಮನಾಗಿ ನೋಡಿ ಅಂಕ ಕೊಡುತ್ತಾರೆ.

ಇಡೀ ಸಂದರ್ಶನ 11ರಿಂದ 14 ನಿಮಿಷ, ಎಲ್ಲವೂ ಧ್ವನಿಮುದ್ರಣವಾಗುತ್ತದೆ. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಕೆಲಸ, ಹವ್ಯಾಸದ ಪ್ರಶ್ನೆಗಳು. ಇಲ್ಲಿ ‘ಹೌದು’, ‘ಇಲ್ಲ’ ಎಂದು ಸುಮ್ಮನಾಗಬೇಡ, ಭಾಷಣವನ್ನೂ ಮಾಡಬೇಡ. ಎರಡು ಮೂರು ವಾಕ್ಯ, ಒಂದು ಕಾರಣ, ಅಷ್ಟು ಸಾಕು.

ಹೆಚ್ಚಿನವರು ಕಂಗಾಲಾಗುವುದು ಎರಡನೆಯ ಭಾಗದಲ್ಲಿ. ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ವಿಷಯವೂ ಅದರ ಕೆಳಗೆ ಮೂರು ನಾಲ್ಕು ಸುಳಿವುಗಳೂ ಇರುತ್ತವೆ. ಒಂದು ನಿಮಿಷ ಯೋಚಿಸಿ, ಕೊಟ್ಟ ಕಾಗದದಲ್ಲಿ ಗುರುತು ಹಾಕಿಕೊಂಡು, ಎರಡು ನಿಮಿಷದವರೆಗೆ ಒಬ್ಬಳೇ ಮಾತನಾಡಬೇಕು. ನಿನ್ನ ಮಾದರಿ ಪುಸ್ತಕದಲ್ಲಿ ಸಮುದ್ರ ತೀರದ ಪ್ರವಾಸ, ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಇಂಥವೇ ಇರುತ್ತವೆ. ನೀನು ಕಾಣದ್ದನ್ನು ಎರಡು ನಿಮಿಷ ಹೇಗೆ ಹೇಳುತ್ತೀಯ? ಕಂಡದ್ದನ್ನು ಹೇಳು. ‘ನಿಮ್ಮ ಊರಿನ ಒಂದು ಸಾಂಪ್ರದಾಯಿಕ ವಸ್ತುವನ್ನು ವರ್ಣಿಸಿ’ ಎಂಬ ಚೀಟಿ ಬಂದರೆ ಬೀದರ್ ಜಿಲ್ಲೆಯ ಹುಡುಗಿಗೆ ಬಿದ್ರಿಗಿಂತ ಬೇರೆ ಬೇಕೇ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ ಹೂಜಿಯನ್ನೋ ಬಟ್ಟಲನ್ನೋ ಎರಕ ಹೊಯ್ಯುತ್ತಾರೆ. ಉಳಿಯಿಂದ ಹೂಬಳ್ಳಿಯ ಚಿತ್ತಾರ ಕೊರೆಯುತ್ತಾರೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಬಡಿದು ಕೂರಿಸಿ ಉಜ್ಜುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತು ಇದ್ದಲ್ಲೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಇದನ್ನೇ ನಿನಗೆ ಬರುವ ಸರಳ ಇಂಗ್ಲಿಷಿನಲ್ಲಿ, ಮೊದಲು ಇದು, ಆಮೇಲೆ ಅದು ಎಂದು ಹೇಳಿಕೊಂಡು ಹೋಗು. ಕೆಲಸದ ಕ್ರಮವೇ ಮಾತಿಗೆ ಕ್ರಮ ಕೊಡುತ್ತದೆ, ಮುಂದೇನು ಹೇಳಲಿ ಎಂದು ತಡಕಾಡಬೇಕಾಗುವುದಿಲ್ಲ. ಮನೆಯಲ್ಲಿ ಅಂಥ ಬಟ್ಟಲು ಇದ್ದರೆ ಅದು ಯಾರ ಮದುವೆಯಲ್ಲಿ ಬಂದದ್ದು ಎಂದು ಹೇಳಿದರೆ ಭೂತಕಾಲದ ವಾಕ್ಯಗಳೂ ತಾವಾಗಿ ಬರುತ್ತವೆ. ಚೀಟಿಯ ನಿಮಿಷದಲ್ಲಿ ವಾಕ್ಯ ಬರೆಯಲು ಹೋಗಬೇಡ. ‘ಸತು, ಉಳಿ, ಬೆಳ್ಳಿ, ಮಣ್ಣು, ಅತ್ತೆ’ ಎಂಬಷ್ಟು ಗುರುತು ಸಾಕು.

ಮೂರನೆಯ ಭಾಗದಲ್ಲಿ ಅದೇ ವಿಷಯ ಹಿಡಿದು ದೊಡ್ಡ ಪ್ರಶ್ನೆ ಕೇಳುತ್ತಾರೆ. ಕೈಕಸುಬುಗಳು ಏಕೆ ಕಡಿಮೆಯಾಗುತ್ತಿವೆ, ಸರ್ಕಾರ ನೆರವು ಕೊಡಬೇಕೇ, ಹೀಗೆ. ನಿನಗನಿಸಿದ್ದು, ಅದಕ್ಕೆ ಕಾರಣ, ಕಣ್ಣಾರೆ ಕಂಡ ಒಂದು ಉದಾಹರಣೆ, ಇಷ್ಟಿದ್ದರೆ ನಿಲ್ಲುತ್ತೀಯ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳು, ಅದಕ್ಕೆ ಅಂಕ ಹೋಗುವುದಿಲ್ಲ. ಮಾತಿನ ನಡುವೆ ಅವರು ತಡೆದರೂ ಎದೆಗುಂದಬೇಡ. ಅವರು ಗಡಿಯಾರ ನೋಡಿಕೊಂಡು ನಡೆಸಬೇಕು, ಅದಕ್ಕಾಗಿ ತಡೆಯುತ್ತಾರೆ.

ಉಚ್ಚಾರಣೆಯ ಬಗ್ಗೆ ನಮ್ಮ ಭಾಗದವರಿಗೆ ಬೇಡದ ಭಯವೇ ಹೆಚ್ಚು. ಬ್ರಿಟಿಷರ ಹಾಗೆ ನಾಲಿಗೆ ತಿರುಗಿಸುವ ಅಗತ್ಯವಿಲ್ಲ, ನಮ್ಮ ಧಾಟಿ ಇದ್ದರೆ ತಪ್ಪಲ್ಲ. ಆದರೆ ತಿದ್ದಿಕೊಳ್ಳಲೇಬೇಕಾದವು ಕೆಲವಿವೆ. ‘ಇಸ್ಕೂಲ್’, ‘ಇಸ್ಟೇಶನ್’ ಎಂದು ಮುಂದೆ ಇಕಾರ ಸೇರಿಸುವುದು, ‘ಬ್ಯಾಂಕು’, ‘ಬಸ್ಸು’ ಎಂದು ಕೊನೆಗೆ ಉಕಾರ ಎಳೆಯುವುದು, ‘ಆಸ್ಕ್ಡ್’ ಎಂಬಲ್ಲಿ ಕೊನೆಯ ಧ್ವನಿ ನುಂಗುವುದು. ಎಲ್ಲಕ್ಕಿಂತ ಮುಖ್ಯ, ‘ಫಿಫ್ಟೀನ್’ ಮತ್ತು ‘ಫಿಫ್ಟಿ’. ಮೊದಲನೆಯದರಲ್ಲಿ ‘ಟೀನ್’ ಎಳೆದು ಒತ್ತಿ ಹೇಳು, ಎರಡನೆಯದರಲ್ಲಿ ‘ಫಿಫ್’ ಮೇಲೆ ಒತ್ತು ಕೊಡು. ಪರೀಕ್ಷೆಯಲ್ಲಿ ಇದು ಸಣ್ಣ ವಿಷಯ. ವಾರ್ಡಿನಲ್ಲಿ 15 ಮಿಲಿಗ್ರಾಂ ಎಂದದ್ದು 50 ಎಂದು ಕೇಳಿಸಿದರೆ ರೋಗಿಯ ಪ್ರಾಣದ ಪ್ರಶ್ನೆ.

ನಿನಗೆ ಬಾಯಿ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಕಲಬುರಗಿಯ ರೋಜಾ ಬಡಾವಣೆ ಕಡೆಯಿಂದ ಬಂದ ರೋಗಿಯೊಡನೆ ಉರ್ದು, ಸೇಡಂನಿಂದ ಬಂದ ಅಜ್ಜಿಯೊಡನೆ ತೆಲುಗು, ಆಳಂದದ ಗಡಿ ಹಳ್ಳಿಯವರೊಡನೆ ಮರಾಠಿ. ಇವನ್ನು ಯಾವ ಕೋಚಿಂಗ್‌ನಲ್ಲಿ ಕಲಿತೆ? ಕೇಳುತ್ತ, ಆಡುತ್ತ, ತಪ್ಪುತ್ತ ಕಲಿತೆ. ಇಂಗ್ಲಿಷನ್ನು ಮಾತ್ರ ಪುಸ್ತಕದಲ್ಲಿ ಕಟ್ಟಿಹಾಕಿದ್ದೇವೆ. ಡ್ಯೂಟಿ ಮುಗಿಸಿ ಬಂದಾಗ ಆ ದಿನ ನಡೆದ ಒಂದು ಸಂಗತಿಯನ್ನು ಎರಡು ನಿಮಿಷ ಮೊಬೈಲಿಗೆ ಇಂಗ್ಲಿಷಿನಲ್ಲಿ ಹೇಳು, ರೋಗಿಯ ಹೆಸರು ಮಾತ್ರ ಬೇಡ. ಕೇಳಿಸಿಕೊಂಡು ಎಲ್ಲಿ ಎಡವಿದೆ ಎಂದು ಗುರುತಿಸಿ ಅದನ್ನೇ ಇನ್ನೊಮ್ಮೆ ಹೇಳು. ಜೊತೆಯಲ್ಲಿ ಪರೀಕ್ಷೆ ಕಟ್ಟಿರುವ ಗೆಳತಿ ಇದ್ದರೆ ಸಂಜೆ ಅಪ್ಪನ ಕೆರೆಯ ಸುತ್ತ ನಡೆಯುತ್ತ ಇಬ್ಬರೂ ಇಂಗ್ಲಿಷಿನಲ್ಲೇ ಮಾತನಾಡಿ. ಯಾರಾದರೂ ತಿರುಗಿ ನೋಡಿದರೆ ನೋಡಲಿ.

ದಾದಿಯರಿಗೆ ಒಇಟಿ ಎಂಬ ಇನ್ನೊಂದು ದಾರಿಯೂ ಇದೆ, ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಅಲ್ಲಿ ರೋಗಿಯ ಪಾತ್ರ ಮಾಡುವವರ ಜೊತೆ ಎರಡು ಸನ್ನಿವೇಶಗಳಲ್ಲಿ ಮಾತನಾಡಬೇಕು, ಪ್ರತಿಯೊಂದಕ್ಕೂ ತಯಾರಾಗಲು ಮೂರು ನಿಮಿಷ. ವಾರ್ಡಿನ ಮಾತೇ ನಿನಗೆ ಸುಲಭವೆನಿಸಿದರೆ ಹಣ ಕಟ್ಟುವ ಮೊದಲು ಅದನ್ನೂ ನೋಡು. ಇಲ್ಲಿನ ನರ್ಸಿಂಗ್ ಕೌನ್ಸಿಲ್ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ಮಾತಿಗೆ 9ಕ್ಕೆ 7 ಬೇಕು. ಪರೀಕ್ಷೆಯೇ ಇಲ್ಲದೆ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡ. ಅಂಕಗಳನ್ನು ನೇರವಾಗಿ ಪರಿಶೀಲಿಸುತ್ತಾರೆ. ಹಣವೂ ಹೋಗುತ್ತದೆ, ಬರುವ ದಾರಿಯೂ ಮುಚ್ಚುತ್ತದೆ. ಹೈದರಾಬಾದಿನ ಕೇಂದ್ರ ತೆಗೆದುಕೊಂಡರೆ ಹಿಂದಿನ ದಿನವೇ ಹೋಗಿ ಮಲಗು, ರಾತ್ರಿಯೆಲ್ಲ ಪ್ರಯಾಣ ಮಾಡಿ ನೇರವಾಗಿ ಪರೀಕ್ಷೆಗೆ ಕೂರಬೇಡ. ಅರ್ಜಿಯಲ್ಲಿ ಕೊಟ್ಟ ಅದೇ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇನ್ನು ಇಲ್ಲಿಯ ಬದುಕು. ಬಂದ ಮೇಲೆ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಅಲ್ಲಿಯೂ ಮಾಡುವುದನ್ನು ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಮೊದಲ ತಿಂಗಳುಗಳಲ್ಲಿ ನಿಜವಾಗಿ ಕಷ್ಟ ಕೊಡುವುದು ಫೋನು. ಎದುರಿಗಿರುವವರ ಮುಖ, ತುಟಿ ನೋಡಿ ಅರ್ಥ ಹಿಡಿಯಬಹುದು, ಫೋನಿನಲ್ಲಿ ಅದಿಲ್ಲ, ಮೇಲೆ ಬರ್ಮಿಂಗ್‌ಹ್ಯಾಮಿನವರ ಎಳೆದ ಧಾಟಿ. ನಡುರಾತ್ರಿ ರೋಗಿಯ ರಕ್ತದೊತ್ತಡ ಇಳಿಯಿತು, ವೈದ್ಯರಿಗೆ ಫೋನ್ ಮಾಡಬೇಕು. ಅದಕ್ಕೆ ಇಲ್ಲಿ ಎಸ್‌ಬಿಎಆರ್ ಎಂಬ ಕ್ರಮವಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನಿಮ್ಮಿಂದ ಏನು ಆಗಬೇಕು. ಬಿದ್ರಿ ಬಟ್ಟಲಿನ ಬಗ್ಗೆ ಕ್ರಮವಾಗಿ ಹೇಳಲು ಕಲಿತವಳಿಗೆ ಇದೂ ಬರುತ್ತದೆ. ವೈದ್ಯರು ಹೇಳಿದ ಔಷಧದ ಪ್ರಮಾಣವನ್ನು ನೀನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಹಾಗೆ ಕೇಳಿದರೆ ಯಾರೂ ಹೀನಾಯವಾಗಿ ನೋಡುವುದಿಲ್ಲ. ಕೇಳದೆ ತಲೆಯಾಡಿಸುವವರ ಬಗ್ಗೆಯೇ ಇಲ್ಲಿ ಚಿಂತೆ. ನನ್ನ ವಾರ್ಡಿನಲ್ಲಿ ಕೇರಳದವರು, ಫಿಲಿಪೀನ್ಸಿನವರು, ನೈಜೀರಿಯಾದವರು ಇದ್ದಾರೆ. ಒಬ್ಬೊಬ್ಬರ ಇಂಗ್ಲಿಷ್ ಒಂದೊಂದು ಬಗೆ, ಆದರೂ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ.

ಬಿದ್ರಿಯ ವಿಷಯವನ್ನೇ ಮೊದಲು ಮಾತನಾಡಿ ಆ ರೆಕಾರ್ಡಿಂಗ್ ನನಗೆ ಕಳಿಸು. ತಿದ್ದಿ ತಿದ್ದಿ ಚೆನ್ನಾಗಿ ಮಾಡಿದ್ದು ಬೇಡ, ಮೊದಲ ಸಲ ಆಡಿದ್ದೇ ಇರಲಿ. ಭಾನುವಾರ ನನಗೆ ರಜೆ, ಕೇಳಿ ಎಲ್ಲೆಲ್ಲಿ ಏನು ಎಂದು ಬರೆಯುತ್ತೇನೆ.